ಕಪ್ಪು ತಂತಿಯ ತಂಟೆ

ನೆಬ್ರಾಸ್ಕದಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ವರ್ಲೀನ್ ಹಕಬಿ, ಆಮೇಲೂ ಸ್ಟಿಯರಿಂಗ್ ಬಿಡಲಿಲ್ಲ. ಗಂಡ ಡ್ವೇನ್ ಜೊತೆಗೂಡಿ ಮನೆ ಮಾರಿ, ಒಳಗೇ ವಾಸಿಸಬಹುದಾದ ಮೋಟರ್‌ಹೋಮ್ ಗಾಡಿ ಕೊಂಡಳು. ಗಾಡಿ ಓಡಿಸುವುದು ಅವಳ ಖಾತೆ, ವೈರು-ಬ್ಯಾಟರಿ ಅವನದು. ಅವಳು ಫ್ಯೂಸ್ ಡಬ್ಬಿಯತ್ತ ಇಣುಕಿದರೂ ಸಾಕು, "ಮುಟ್ಬೇಡ, ಶಾಕ್ ಹೊಡೆಯುತ್ತೆ" ಎನ್ನುತ್ತಿದ್ದ. ಕಳೆದ ಬೇಸಿಗೆಯಲ್ಲಿ ಡ್ವೇನ್ ತೀರಿಕೊಂಡ. ಶಾಕ್ ಹೊಡೆದದ್ದು ಆಗ.

ಚಳಿಗಾಲಕ್ಕೆ ಎಂದಿನಂತೆ ಅರಿಜೋನಾದ ಮರುಭೂಮಿಗೆ ಬಂದಳು, ಈ ಸಲ ಒಬ್ಬಳೇ. ಒಮಾಹಾದಲ್ಲಿದ್ದ ಮಗಳು ಜನೆಲ್ ಕಳಿಸಿದ್ದೇ ಒಂದು ಷರತ್ತಿನ ಮೇಲೆ: ಗಾಡಿಯನ್ನು ಅಮ್ಮ ಒಬ್ಬಳೇ ಸಂಭಾಳಿಸಲಾಗದಿದ್ದರೆ, ಮಾರಿ ತನ್ನ ಮನೆಯ ನೆಲಮಾಳಿಗೆಗೆ ಬಂದುಬಿಡಬೇಕು. ನೆಲಮಾಳಿಗೆಗೆ ಕಿಟಕಿಯಿರಲಿಲ್ಲ.

ಈಗ ನೀರಿನ ಪಂಪು ಹಾಕಿದರೆ ದೀಪ ಮಂಕಾಗುತ್ತಿತ್ತು, ಹೀಟರಿನ ಫ್ಯಾನು ನರಳುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದರೂ ಅದೇ ರಾಗ. ಸುದ್ದಿ ತಿಳಿದ ಜನೆಲ್, ಗಾಡಿ ಕೊಳ್ಳುವವರನ್ನು ಶನಿವಾರ ಬರಹೇಳಿದ್ದಳು.

ಪಕ್ಕದ ಗಾಡಿಯ ಓಡೆಲ್, ನಿವೃತ್ತ ಕ್ಷೌರಿಕ, ಮಡಚುವ ಕುರ್ಚಿಯೊಂದಿಗೇ ಹಾಜರಾದ. ಕೆಂಪು ತಂತಿಗಳನ್ನೆಲ್ಲ ವೋಲ್ಟ್ ಅಳೆಯುವ ಮೀಟರಿನಿಂದ ಮುಟ್ಟಿ ನೋಡಿ, "ಎಲ್ಲಾ ಸರಿಯಾಗಿದೆ ಕಣ್ರೀ" ಎಂದ.

"ಎಲ್ಲಾ ಸರಿಯಾಗಿದ್ರೆ ನನ್ನ ದೀಪಕ್ಕೇನು, ನಿದ್ದೆನಾ?"

"ಮಾಡಿನ ಮೇಲಿರೋ ಸೋಲಾರ್ ಹಲಗೆನೇ ಬದಲಾಯಿಸಿಬಿಡಿ."

"ನೀವು ಜುಟ್ಟು ಸರಿಯಿಲ್ಲ ಅಂತ ತಲೆ ತೆಗಿಯೋರು."

ವರ್ಲೀನ್ ಯೋಚಿಸಿದಳು. ಬಸ್ಸಿನಲ್ಲಿ ಗಲಾಟೆಯೆದ್ದಾಗ ಮುಂದೆ ಕೂತು ಕೂಗುವ ಹುಡುಗರು ತಪ್ಪಿತಸ್ಥರಾಗಿದ್ದದ್ದು ಅಪರೂಪ. ಹಿಂದಿನ ಸೀಟಿನಲ್ಲಿ ಸಾಧುವಿನಂತೆ ಕೂತವನನ್ನು ಹಿಡಿದರೆ ಬಸ್ಸೇ ಶಾಂತವಾಗುತ್ತಿತ್ತು.

"ಓಡೆಲ್, ಈ ಕಪ್ಪು ತಂತಿನ ಯಾಕೆ ಯಾರೂ ಮಾತಾಡಿಸಲ್ಲ?"

"ಅದು ಬರೀ ಅರ್ಥಿಂಗ್ ರೀ, ಕರೆಂಟು ವಾಪಸ್ ಹೋಗೋ ದಾರಿ. ಗಾಡಿಯ ಕಬ್ಬಿಣಕ್ಕೆ ಕಟ್ಟಿರ್ತಾರೆ."

"ಮುಟ್ಟಿದ್ರೆ ಶಾಕ್ ಹೊಡೆಯುತ್ತಾ?"

"ಒಣ ಕೈಗೆ ಹನ್ನೆರಡು ವೋಲ್ಟು ಕಚಗುಳಿನೂ ಇಡಲ್ಲ. ಆದ್ರೆ ಉಂಗುರ ತೆಗೀರಿ. ಲೋಹ ತಾಗಿದ್ರೆ ಬೆರಳು ಸುಟ್ಟೋಗುತ್ತೆ."

ಇಷ್ಟು ವರ್ಷ ಹೆದರಿದ್ದು ಇದಕ್ಕೋ. ಡ್ವೇನ್ ಎದುರಿಗಿದ್ದಿದ್ದರೆ ನಾಲ್ಕು ಮಾತಾದರೂ ಅನ್ನುತ್ತಿದ್ದಳು. ಮದುವೆಯುಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡಳು.

ಓಡೆಲ್ ಕೈಲಿ ಪಂಪು ಹಾಕಿಸಿ, ಅವನ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಕಪ್ಪು ತುದಿಗೆ, ಇನ್ನೊಂದನ್ನು ಗಾಡಿಯ ಚೌಕಟ್ಟಿಗೆ ಹಿಡಿದಳು. ತಂತಿ ಸರಿಯಿದ್ದರೆ ಹತ್ತಿರ ಹತ್ತಿರ ಸೊನ್ನೆ ತೋರಿಸಬೇಕಾಗಿದ್ದಲ್ಲಿ ಎರಡು ವೋಲ್ಟು. ದೀಪಕ್ಕೆ ಸಲ್ಲಬೇಕಾದದ್ದು ದಾರಿಯಲ್ಲೇ ಸೋರುತ್ತಿತ್ತು. ಗಾಡಿಯಡಿ ತೆವಳಿ ನೋಡಿದರೆ, ಕಪ್ಪು ತಂತಿ ಸೇರುವ ಬೋಲ್ಟಿನ ಸುತ್ತ ತುಕ್ಕು ಗೂಡು ಕಟ್ಟಿತ್ತು. ಅರ್ಥ್ ಸರಿಯಿಲ್ಲದೆ ಗಾಡಿಯಲ್ಲಿ ಯಾವುದಕ್ಕೂ ಅರ್ಥವಿರಲಿಲ್ಲ.

ಸೋಲಾರ್, ಬ್ಯಾಟರಿ ಎರಡರ ತಂತಿಯನ್ನೂ ಕಳಚಿ, ಉಪ್ಪುಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬೋಲ್ಟು ಬಿಗಿದಳು. ಮತ್ತೆ ಜೋಡಿಸಿ ಪಂಪು ಹಾಕಿದಾಗ ದೀಪ ಕಣ್ಣೂ ಮಿಟುಕಿಸಲಿಲ್ಲ.

ಜನೆಲ್‌ಗೆ ಫೋನಾಯಿಸಿದಳು. "ಶನಿವಾರದವರಿಗೆ ಬರೋದು ಬೇಡ ಅಂತ ಹೇಳಿಬಿಡು."

"ಯಾರಮ್ಮ ರಿಪೇರಿ ಮಾಡಿದ್ದು?"

"ನಾನೇ. ಅಂಗೈಯೆಲ್ಲಾ ತುಕ್ಕು, ಫೋಟೋ ಕಳಿಸ್ಲಾ?"

ಮಗಳು ದನಿ ತಗ್ಗಿಸಿ ಕೇಳಿದಳು: "ಅಮ್ಮಾ, ನನ್ನ ಕಾರಿನ ಹೆಡ್‌ಲೈಟ್ ಒಂದು ವಾರದಿಂದ ಮಂಕಾಗಿದೆ. ಏನಿರಬಹುದು?"

ವರ್ಲೀನ್ ಓಡೆಲ್‌ನ ಕುರ್ಚಿ ಎಳೆದುಕೊಂಡು ಕೂತಳು. "ಹೇಳ್ತೀನಿ. ಮೊದ್ಲು ಉಂಗುರ ತೆಗಿ."