ಹೆಡ್ ಮೇಷ್ಟ್ರ ಪೇಟ

ನಾನು ಓದಿದ್ದು ಮೂರನೇ ಕ್ಲಾಸು. ಆಗ ನಮ್ಮ ಶಾಲೆಗೆಲ್ಲ ದೊಡ್ಡವರು ಹೆಡ್ ಮೇಷ್ಟ್ರು. ಅವರ ಹೆಂಡತಿಯನ್ನು ಊರೆಲ್ಲ ಮೇಷ್ಟ್ರಮ್ಮ ಎನ್ನುತ್ತಿತ್ತು. ಆಯಮ್ಮನ ಓದೂ ನನ್ನಷ್ಟೇ. ಆದರೂ ಗಂಡನ ಕೆಲಸದಿಂದ ಬಂದ ಆ ಹೆಸರಿಗೆ ನಲ್ಲಿಯ ಹತ್ತಿರ ಎಲ್ಲರೂ ದಾರಿ ಬಿಡುತ್ತಿದ್ದರು. ನನ್ನ ಮಗಳ ಕಾಲಕ್ಕೆ ಪಾಠ ಹೇಳುವ ಹೆಂಗಸರೇ ಬಂದರು. ಅವರನ್ನೂ ಮೇಷ್ಟ್ರಮ್ಮ ಎಂದೇ ಕರೆದೆವು. ಹೆಡ್ ಮೇಷ್ಟ್ರ ಕುರ್ಚಿಯಲ್ಲಿ ಮಾತ್ರ ಗಂಡಸೇ.

ಮೊನ್ನೆ ಸೋಮವಾರ ಬನಶಂಕರಿಯ ಒಂದು ಶಾಲೆಯಲ್ಲಿ ಆ ಕುರ್ಚಿಗೆ ನನ್ನ ಮೊಮ್ಮಗಳು ಬಂದಳು. ಅಲ್ಲಿ ಅವಳೇ ಮೊದಲನೆಯ ಹೆಂಗಸು. ನಾನು ವಿಭೂತಿ ಹಚ್ಚಿಕೊಂಡು, ರೇಷ್ಮೆ ಸೀರೆ ಉಟ್ಟು, ಗಿರಿನಗರದಲ್ಲಿ ಆಟೋ ಹತ್ತಿದೆ. ದಾರಿಯುದ್ದಕ್ಕೂ ಆಟೋದವನಿಗೆ ಅದೇ ಮಾತು.

"ಗೊತ್ತಾಯ್ತಮ್ಮ, ಆಗ್ಲೇ ಹೇಳಿದ್ರಿ," ಎಂದ. ಇಳಿಯುವಾಗ ಮತ್ತೊಮ್ಮೆ ಹೇಳಿದೆ.

ಆ ಶಾಲೆಯಲ್ಲಿ ಹೊಸ ಹೆಡ್ ಮೇಷ್ಟ್ರಿಗೆ ಮಕ್ಕಳೆದುರು ಮೈಸೂರು ಪೇಟ ತೊಡಿಸುವುದು ಪದ್ಧತಿ. ತಟ್ಟೆಯಲ್ಲಿ ಪೇಟ ಇತ್ತು, ಜರಿ ಮಿಂಚುತ್ತಿತ್ತು. ಪಕ್ಕದಲ್ಲೇ ಅರಿಶಿನ ಕುಂಕುಮ, ರವಿಕೆ ಬಟ್ಟೆ. ಕಮಿಟಿಯ ಹಿರಿಯರೊಬ್ಬರು ರವಿಕೆ ಬಟ್ಟೆಯನ್ನೇ ಎತ್ತಿಕೊಂಡರು.

"ಹೆಣ್ಮಕ್ಕಳಿಗೆ ಪೇಟ ಇಡೋ ವಾಡಿಕೆ ಇಲ್ಲ ಮೇಡಂ. ಅದನ್ನ ನಿಮ್ಮ ಯಜಮಾನ್ರಿಗೆ ಇಡೋಣ. ಹೆಂಗೂ ಬಂದಿದ್ದಾರಲ್ಲ."

ರಾತ್ರಿ ಹಗಲು ಓದಿದವಳು ಇವಳು, ಪೇಟ ಅವನಿಗೋ?

ಮೊಮ್ಮಗಳ ಗಂಡ ಹಿಂದಿನ ಸಾಲಿನಿಂದಲೇ ಬೇಡವೆಂದು ಕೈ ಆಡಿಸಿದ. "ನಾನು ಬ್ಯಾಂಕಲ್ಲಿರೋನು ಸಾರ್. ನನಗಿಟ್ರೆ ಮಕ್ಕಳು ನನ್ ಹತ್ರ ರಜಾ ಕೇಳ್ತಾವೆ."

ಮಕ್ಕಳು ಗೊಳ್ಳೆಂದು ನಕ್ಕವು. ಮೊಮ್ಮಗಳು ಮಾತ್ರ ನಗಲಿಲ್ಲ.

"ಅದು ಕುರ್ಚಿಗೆ ಇಡೋ ಪೇಟ ಸಾರ್. ಆ ಕುರ್ಚೀಲಿ ಕೂರೋಳು ನಾನು," ಎಂದು ಮೆಲ್ಲಗೆ ಹೇಳಿ, ನನ್ನ ಕಡೆ ತಿರುಗಿದಳು. "ಅಜ್ಜಿ, ಬಾ ಇಲ್ಲಿ. ನೀನೇ ಇಡು."

ಹಿರಿಯರು ರವಿಕೆ ಬಟ್ಟೆಯನ್ನು ಕೆಳಗಿಟ್ಟು, ತಟ್ಟೆಯನ್ನು ನನ್ನ ಮುಂದೆ ಹಿಡಿದರು.

ಪೇಟ ಎತ್ತಿ ಅವಳ ತಲೆಗಿಟ್ಟೆ. ನಾನೇ ಕಟ್ಟಿಕೊಟ್ಟಿದ್ದ ಮಲ್ಲಿಗೆ ದಂಡೆ ಅವಳ ತುರುಬಿನ ಸುತ್ತ ದಪ್ಪಗಿತ್ತು. ಅದಕ್ಕೆ ತಾಗಿ ಪೇಟ ಹುಬ್ಬಿನವರೆಗೆ ಜಾರಿತು.

"ಹೂ ತೆಗೀಲಾ ಪುಟ್ಟಿ?"

"ಬೇಡ, ಎರಡೂ ಇರಲಿ. ನೀನ್ ಹಿಡ್ಕೊ."

ಮಕ್ಕಳೆಲ್ಲ ಒಂದೇ ದನಿಯಲ್ಲಿ, "ನಮಸ್ತೆ ಹೆಡ್ ಮಿಸ್," ಎಂದವು. ಅವಳು ಮಾತು ಮುಗಿಸುವವರೆಗೂ ನಾನು ಹಿಂದೆ ನಿಂತು ಪೇಟ ಹಿಡಿದೇ ಇದ್ದೆ. ತೋಳಿನ ನೋವು ಇನ್ನೂ ಹೋಗಿಲ್ಲ. ಯಾಕೆ ನೋವೆಂದು ಹಾಲಿನವನು ಕೇಳದೆ ಹೋದರೂ, ಅವನಿಗೂ ಹೇಳಿದ್ದೇನೆ.