ಝಿವ್ಕೊ ಎತ್ತಿಕೊಂಡ ಮಗು

2004ರ ಸೆಪ್ಟೆಂಬರ್, ಒಂದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇತ್ತು. ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ಪಕ್ಕದ ಮನೆಯ ಹಿತ್ತಲಲ್ಲಿ, ಕಾಂಪೋಸ್ಟ್ ಗುಡ್ಡೆಯಿಂದ ಮೂರು ಹೆಜ್ಜೆ ದೂರ ನಾನು ನಿಂತಿದ್ದೆ. ಗುಡ್ಡೆಯ ಮೇಲೆ ಒಗೆಯುವ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿಯಲ್ಲಿ ಎಂಟು ವಾರದ ನನ್ನ ಮಗ.

ಅಲ್ಲಿಗೆ ಹೇಗೆ ಬಂದೆವು ಎಂಬುದನ್ನು ಹೇಳಬೇಕು. ಮೊದಲು ನಾವು ಸಿಡ್ನಿಯಲ್ಲಿದ್ದೆವು. ಅಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡೆವು. ಇಬ್ಬರಿಗೂ ಹುಟ್ಟುವ ಮೊದಲೇ ಚಂದದ ಹೆಸರು ಆರಿಸಿಟ್ಟಿದ್ದೆವು. ಮೆಲ್ಬರ್ನಿಗೆ ಬಂದ ಮೇಲೆ ಮೂರನೆಯದು ತಿಂಗಳು ತುಂಬುವ ಮುಂಚೆಯೇ ಹುಟ್ಟಿ, ಆರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು. ನನ್ನ ಹೆಂಡತಿ ಹೆಸರಿನ ಮಾತೇ ಎತ್ತಗೊಡಲಿಲ್ಲ. ನೋಂದಣಿಯ ಫಾರ್ಮ್ ಫ್ರಿಜ್ಜಿನ ಬಾಗಿಲ ಮೇಲೆ ಹಾಗೇ ಇತ್ತು, ಹೆಸರಿನ ಜಾಗ ಖಾಲಿ.

ಬಾಣಂತನಕ್ಕೆ ಧಾರವಾಡದಿಂದ ಬಂದಿದ್ದ ನನ್ನ ಅವ್ವ ಬೇರೆ ದಾರಿ ಹೇಳಿದಳು. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಬೇಕು, ಹೊರಗಿನವರು ಎತ್ತಿ ಕೊಡಬೇಕು, ತಿಪ್ಪ ಎಂದು ಹೆಸರಿಡಬೇಕು.

"ಸಾಲಿಯೊಳಗ ಕೇಳಿದ್ರ ಏನಂತ ಹೇಳ್ಲಿ ಅತ್ತಿ? ಕಸದ ಗುಂಪಿ ಅಂತನಾ?" ಎಂದಳು ನನ್ನ ಹೆಂಡತಿ.

"ಸಾಲಿಗೆ ಹೋಗುವಷ್ಟು ದೊಡ್ಡಾವ ಆಗ್ಲಿ ಮೊದ್ಲ," ಎಂದಳು ಅವ್ವ. ಆಮೇಲೆ ಗೊಣಗಿದಳು: "ಈ ದೇಶದಾಗ ಕಸಾನೂ ಡಬ್ಬ್ಯಾಗ ಹಾಕಿ ಮುಚ್ಚಿಡ್ತಾರ. ತಿಪ್ಪಿ ಎಲ್ಲಿಂದ ತರೂದು?"

ಶನಿವಾರ ಬೇಲಿಯಾಚೆ ಇಣುಕಿ ನೋಡಿ ಅವಳಿಗೆ ತಿಪ್ಪೆ ಸಿಕ್ಕಿತು. ಪಕ್ಕದ ಮನೆಯ ಅಜ್ಜ ಸ್ಲೊವೇನಿಯಾದವರು, ಒಬ್ಬರೇ ಇದ್ದರು, ಬೀನ್ಸ್ ಬೆಳೆಯುತ್ತಿದ್ದರು. ಅವರನ್ನು ಕೇಳುವ ಕೆಲಸ ನನ್ನ ಪಾಲಿಗೆ ಬಂತು. ನಾಚಿಕೆಯಿಂದ ಇಂಗ್ಲಿಷ್ ತಡವರಿಸಿತು. ಹುಚ್ಚರು ಅಂದುಕೊಳ್ಳುತ್ತಾರೆ ಎಂದೇ ನಾನು ಎಣಿಸಿದ್ದೆ. ಅವರು ಕೇಳಿದ್ದು ಒಂದೇ: "ಇದು ಎಷ್ಟನೆಯ ಮಗು?"

"ಮೂರನೆಯದು."

ಅವರು ಟೋಪಿ ತೆಗೆದರು. "ನಾನೂ ಮೂರನೆಯವನೇ," ಎಂದರು. "ಮೊದಲಿನ ಇಬ್ಬರು ಉಳಿಯಲಿಲ್ಲ. ಅಮ್ಮ ನನಗೆ ಝಿವ್ಕೊ ಅಂತ ಹೆಸರಿಟ್ಟಳು. ನಮ್ಮ ಭಾಷೆಯಲ್ಲಿ ಝಿವ್ ಅಂದರೆ ಬದುಕಿರುವವನು. ಸಂತನಾಗಲಿ, ಶೂರನಾಗಲಿ ಅಂತ ಅವಳು ಕೇಳಲಿಲ್ಲ. ಇರಲಿ ಅಂದಳು, ಅಷ್ಟೆ. ಎಪ್ಪತ್ತೊಂಬತ್ತು ಆಯಿತು, ಇದ್ದೇನೆ."

ಮರುದಿನ ಅವರು ಗುಡ್ಡೆಯ ಮೇಲೆ ಒಣಹುಲ್ಲು ಹರಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದಿದ್ದರು. ಅವ್ವ ಬುಟ್ಟಿ ಇಟ್ಟು ಹಿಂದೆ ಸರಿದಳು. ಬರುವುದಿಲ್ಲ ಎಂದಿದ್ದ ನನ್ನ ಹೆಂಡತಿ ಬರಿಗಾಲಲ್ಲಿ ಬಂದು ಬೇಲಿಯ ಗೇಟಿನಲ್ಲಿ ನಿಂತಿದ್ದಳು. ಅಜ್ಜ ಮೊಣಕಾಲೂರಿ ಬಗ್ಗಿದರು. ಮಗುವಿನ ಕತ್ತಿನ ಕೆಳಗೆ ಅಂಗೈ ಸರಿಯಾಗಿ ಇಟ್ಟಿದ್ದರು, ಅದನ್ನು ನಾನು ಗಮನಿಸಿದೆ. ಅವರು ಮಗುವನ್ನು ನನಗೂ ಕೊಡಲಿಲ್ಲ, ಅವ್ವನಿಗೂ ಕೊಡಲಿಲ್ಲ. ನೇರ ಗೇಟಿಗೆ ನಡೆದು ನನ್ನ ಹೆಂಡತಿಯ ಕೈಯಲ್ಲಿಟ್ಟರು.

ಅವಳು ಎಷ್ಟು ಹೊತ್ತು ಅತ್ತಳೋ ಹೇಳಲಾರೆ. ಆಮೇಲೆ, "ಇವರ ಹೆಸರನ್ನ ಬರೀರಿ," ಎಂದಳು.

ಅವ್ವ ಆ ಹೆಸರಿನ ಅರ್ಥ ಕೇಳಿದಳು. ಹೇಳಿದೆ. "ಹಂಗಾರ ಸರಿ," ಎಂದಳು. "ನಾ ಮಾತ್ರ ತಿಪ್ಪ್ಯಾ ಅಂತನ ಕರ್ಯಾಕಿ."

ಮಗು ಉಳಿದದ್ದು ಡಾಕ್ಟರು, ನರ್ಸುಗಳ ಕೈಯಿಂದ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಉಳಿಯುತ್ತಾನೆ ಎಂದು ನಂಬುವ ಧೈರ್ಯವನ್ನು ನಮಗೆ ಎತ್ತಿಕೊಟ್ಟವರು ಆ ಅಜ್ಜ. ಅಂದು ಸಂಜೆಯೇ ನಾನು ಫಾರ್ಮ್ ತುಂಬಿದೆ.

ಅಜ್ಜ ಈಗ ಇಲ್ಲ. ಅವ್ವನೂ ಇಲ್ಲ. ಆ ಬೆಳಗನ್ನು ಕಂಡವರಲ್ಲಿ ಇನ್ನೂ ಇರುವವರು ಮೂವರು: ನಾನು, ನನ್ನ ಹೆಂಡತಿ, ಮತ್ತೆ ಬುಟ್ಟಿಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದ ಅವನು.