ಕ್ಯಾಮೆರಾ ನೋಡಿ ನಕ್ಕವನು

ಇಂದೂಬಾಯಿ ಘಾಡಿಗಾಂವ್ಕರ್‌ಗೆ ಮನುಷ್ಯರನ್ನು ಉಲ್ಟಾ ನೋಡಿಯೇ ರೂಢಿ. ಮುಂಬೈಯ ಸಾಕ್ಷ್ಯಚಿತ್ರ ಕಚೇರಿಯೊಂದರ ನೆಗೆಟಿವ್ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಕೂತವಳಿಗೆ ಕಪ್ಪು ಕೂದಲು ಬೆಳ್ಳಗೆ, ಬಿಳಿ ಹಲ್ಲು ಕಪ್ಪಗೆ. ನಿರ್ದೇಶಕರು ಜೋಡಿಸಿ ಕೊಟ್ಟ ಪ್ರತಿಯ ಅಂಚಿನ ನಂಬರು ನೋಡುವುದು, ಅದೇ ನಂಬರಿನ ನೆಗೆಟಿವ್ ಹುಡುಕಿ ಕತ್ತರಿಸಿ ಅಂಟಿಸುವುದು, ಇಷ್ಟೇ ಕೆಲಸ. ಫಿಲ್ಮಿಗೆ ಗೀರು ಬಿದ್ದೀತೆಂದು ಅಲ್ಲಿ ಬಳೆ ತೊಡುವಂತಿರಲಿಲ್ಲ. ಮದುವೆಯಾದ ವಾರಕ್ಕೇ ಹಸಿರು ಬಳೆ ಬಿಚ್ಚಿಟ್ಟು ಕೆಲಸಕ್ಕೆ ಹೊರಟಾಗ ಅತ್ತೆ ಮೂರು ದಿನ ಮಾತು ಬಿಟ್ಟಿದ್ದಳು. ಅಣೆಕಟ್ಟು, ಸಿಡುಬು, ಗೋಧಿ, ಕುಟುಂಬ ಯೋಜನೆ, ದೇಶವೆಲ್ಲ ಅವಳ ಕೈದಾಟಿ ಹೋಗಿದೆ. ನೋಡಿದವರು ಯಾರು ಅಂತ ಮಾತ್ರ ಕೇಳಬೇಡಿ. ಥಿಯೇಟರಿನಲ್ಲಿ ಸಿನಿಮಾಕ್ಕೆ ಮುಂಚೆ ಈ ಚಿತ್ರಗಳು ಶುರುವಾದರೆ ಜನ ಬೀಡಿ ಸೇದಲು ಏಳುತ್ತಾರೆ.

ಈಗ ಮನೆಮನೆಗೆ ಟಿವಿ ಬಂದಿದೆ, ಕಚೇರಿಗೆ ವಿಡಿಯೋ ಬಂದಿದೆ. ಮಾರ್ಚಿನಲ್ಲಿ ಸುತ್ತೋಲೆಯೂ ಬಂತು: ಬಳಸದೆ ಬಿಟ್ಟ ಹಳೆಯ ನೆಗೆಟಿವ್ ತುಂಡುಗಳನ್ನೆಲ್ಲ ಫಿಲ್ಮು ಕರಗಿಸಿ ಬೆಳ್ಳಿ ತೆಗೆಯುವವರಿಗೆ ಕೊಟ್ಟುಬಿಡಿ. ಅಂಥ ತುಂಡುಗಳ ಒಂದು ಡಬ್ಬಿಯಲ್ಲಿ ಇಂದೂಬಾಯಿಯ ಅಪ್ಪ ಇದ್ದ.

ಅವಳು ಕೆಲಸಕ್ಕೆ ಸೇರಿದ ವರ್ಷ ಬಟ್ಟೆ ಗಿರಣಿಗಳ ಬಗ್ಗೆ ಒಂದು ಚಿತ್ರ ಬಂದಿತ್ತು. ಊಟದ ಹೊತ್ತಿಗೆ ಕಾರ್ಮಿಕರು ಗೇಟಿನಿಂದ ಹೊರಬರುತ್ತಾರೆ. ಅವರಲ್ಲೊಬ್ಬ ನಿಂತು, ನೇರ ಕ್ಯಾಮೆರಾ ನೋಡಿ ನಗುತ್ತಾನೆ. ನಿಜಜೀವನ ತೆಗೆಯುವಾಗ ಯಾರೂ ಕ್ಯಾಮೆರಾ ನೋಡಬಾರದು, ನೋಡಿದರೆ ಆ ತುಂಡು ಕೆಟ್ಟಿತು ಎಂದೇ ಲೆಕ್ಕ. ನಿರ್ದೇಶಕರು ಅದನ್ನು ಕೈಬಿಟ್ಟಿದ್ದರು. ಟೋಪಿ ಹಿಡಿದ ಕೈಯಲ್ಲಿ ಕಿರುಬೆರಳಿಲ್ಲದ್ದು ನೋಡಿ ಇಂದೂಗೆ ಅದು ಅಪ್ಪನೆಂದು ಗೊತ್ತಾಯಿತು. ಹೊಸ ಕೆಲಸ, ತುಟಿ ಬಿಚ್ಚಲಿಲ್ಲ, ಕತ್ತರಿಸಿ ಡಬ್ಬಿಗೆ ಹಾಕಿದಳು. ಆ ಮಳೆಗಾಲದಲ್ಲೇ ಅಪ್ಪ ತೀರಿಕೊಂಡ. ಇದ್ದೊಂದು ಫೋಟೋ ಗಿರಣಿಯ ಗುರುತಿನ ಚೀಟಿಯಲ್ಲಿತ್ತು, ಅದನ್ನು ಗಿರಣಿಯವರು ವಾಪಸು ಪಡೆದರು. ಡಬ್ಬಿಯಲ್ಲಿದ್ದ ನೆಗೆಟಿವಿನಿಂದ ಪ್ರತಿ ಹಾಕಿಸಿಕೊಡಿ ಎಂದು ಕೇಳಲು ಯಾವುದಾದರೂ ಚಿತ್ರದ ಹೆಸರು ಬೇಕು, ಸಾಹೇಬರ ಸಹಿ ಬೇಕು. ಕೇಳುವ ಜಾಯಮಾನ ಅವಳದಲ್ಲ. ಕತ್ತರಿಸಿದ ನಾಚಿಕೆಗೆ ಹೆತ್ತ ಆಯಿಯ ಹತ್ತಿರವೂ ಹೇಳಲಿಲ್ಲ.

ಸುತ್ತೋಲೆ ಬಂದಾಗ ಅವಳ ಮೇಜಿನ ಮೇಲಿದ್ದದ್ದು ನಚಿಕೇತ ದಂಡವತೆ ಎಂಬ ನಿರ್ದೇಶಕನ ಚಿತ್ರ, ಮುಚ್ಚಿದ ಗಿರಣಿಗಳದ್ದು. ಅವನು ಅದೇ ಗೇಟಿನ ಹಳೆಯ ದೃಶ್ಯವನ್ನು ನಾಲ್ಕು ಸೆಕೆಂಡು ಬಳಸಿಕೊಂಡಿದ್ದ. ಎರಡು ದಿನ ಇಂದೂಬಾಯಿ ಉಳಿದ ತುಂಡುಗಳನ್ನಷ್ಟೇ ಅಂಟಿಸಿದಳು. ಮೂರನೆಯ ದಿನ ಆ ಜಾಗಕ್ಕೆ ಅಷ್ಟೇ ಉದ್ದದ ಅಪ್ಪನನ್ನು ಅಂಟಿಸಿದಳು.

ಪ್ರತಿ ತಯಾರಾಗಿ ಬಂದಾಗ ದಂಡವತೆ ಅವಳನ್ನು ಕರೆಸಿದ.

"ಇಂದೂಬಾಯಿ, ಇವನ್ಯಾರು? ಮದುವೆ ಫೋಟೋಗೆ ನಿಂತ ಹಾಗೆ ಹಲ್ಲು ಕಿರೀತಿದಾನೆ."

"ನಂಬರು ತಪ್ಪಾಗಿ ಓದ್ದೆ."

"ನೀವು? ತಪ್ಪು?"

"ಕಣ್ಣು ಸೋತಿದೆ ಸಾಹೇಬ್ರೆ. ಮತ್ತೆ ಕತ್ತರಿಸಿದ್ರೆ ಆ ಕಡೆ ಈ ಕಡೆ ಒಂದೊಂದು ಫ್ರೇಮು ಹೋಗುತ್ತೆ, ಚಿತ್ರಕ್ಕೂ ಮಾತಿಗೂ ಹೊಂದಲ್ಲ."

ಅವನಿಗೂ ಸಾಕಾಗಿತ್ತು. "ಇರ್ಲಿ ಬಿಡಿ. ಯಾರು ನೋಡ್ತಾರೆ? ಆದ್ರೆ ಮೇಲಿನವರಿಗೆ ಬರೆದುಕೊಡಬೇಕು."

ಇಪ್ಪತ್ತೇಳು ವರ್ಷ ಒಂದು ಚುಕ್ಕೆ ಬೀಳದ ಹೆಸರು. ನಿರ್ಲಕ್ಷ್ಯದಿಂದ ತಪ್ಪು ಮಾಡಿದ್ದೇನೆ ಎಂದು ಬರೆದು ಸಹಿ ಹಾಕುವಾಗ ಅವಳಿಗೆ ಅಳು ಬಂತು. ಮಿಕ್ಕ ಡಬ್ಬಿಗಳು ಲಾರಿ ಹತ್ತಿದವು.

ಜೂನಿನ ಒಂದು ಮ್ಯಾಟಿನಿಗೆ, ಏನೂ ಹೇಳದೆ, ಆಯಿಯನ್ನು ಮುಂಬೈಯ ಲಾಲ್‌ಬಾಗಿನ ಥಿಯೇಟರಿಗೆ ಕರೆದುಕೊಂಡು ಹೋದಳು. ಸಾಕ್ಷ್ಯಚಿತ್ರ ಶುರುವಾದದ್ದೇ ತಡ, ಜನ ವಡಾಪಾವಿಗೆ ಎದ್ದರು. ಖಾಲಿ ಕುರ್ಚಿಗಳ ನಡುವೆ ಇಬ್ಬರೇ ಉಳಿದಂತಾಯಿತು. ಗೇಟು ತೆರೆಯಿತು. ಅಪ್ಪ ನಿಂತ, ನಕ್ಕ, ಹೋದ. ಅವನ ಹಲ್ಲು ಬೆಳ್ಳಗಿದ್ದದ್ದನ್ನು ಇಂದೂಬಾಯಿ ಎಷ್ಟೋ ವರ್ಷಗಳ ಮೇಲೆ ಕಂಡಳು.

ಆಯಿ ಅವಳ ಮಣಿಕಟ್ಟು ಹಿಡಿದಿದ್ದಳು, ಬಿಡಲಿಲ್ಲ.

"ಕ್ಯಾಮೆರಾ ನೋಡಿಬಿಟ್ರು ಆಯಿ," ಎಂದಳು ಇಂದೂಬಾಯಿ. "ಅದಕ್ಕೇ ಆಗ ಕೈಬಿಟ್ಟಿದ್ರು. ನಾನೇ ಕತ್ತರಿಸಿದ್ದು."

"ಕ್ಯಾಮೆರಾ ಎಲ್ಲಿ ನೋಡಿದ್ರು?" ಎಂದಳು ಆಯಿ. "ಆ ಪೆಟ್ಟಿಗೆ ಹಿಂದೆ ನಾನು ನಿಂತಿದ್ದೆ, ಊಟದ ಡಬ್ಬಿ ಹಿಡ್ಕೊಂಡು."